ಭಾನುವಾರದ ಉದಾಹರಣೆ

ಝುವಾರಿನಗರದ ಕನ್ನಡ ಪ್ರಾರ್ಥನಾ ಕೂಟದಲ್ಲಿ ಸಂಸಾರದ ಪ್ರೀತಿಯ ಬಗ್ಗೆ ಮಾತಾಡಬೇಕೆಂದರೆ ಅದು ಕಂಠೆಪ್ಪನೇ ಆಗಬೇಕು, ಅಷ್ಟು ಹೆಸರು ಮಾಡಿದ್ದ. ವಾರವೆಲ್ಲ ಬಂದರಿನಲ್ಲಿ ಕ್ರೇನಿನ ಕೊಕ್ಕೆಗೆ ಸರಕು ಬಿಗಿಯುವ ಆಳು, ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎದ್ದು ನಿಂತನೆಂದರೆ ಪಾಸ್ಟರರ ಪ್ರಸಂಗಕ್ಕೆ ತೂಕಡಿಸಿದವರೂ ಕಣ್ಣು ಬಿಡುತ್ತಿದ್ದರು. ಗಂಡ ಹೆಂಡತಿ ಹೇಗಿರಬೇಕು, ಸಿಟ್ಟು ಬಂದಾಗ ಏನು ಮಾಡಬೇಕು, ಕ್ಷಮಿಸುವುದು ಹೇಗೆ, ಇದೇ ಅವನ ವಿಷಯ. ಉದಾಹರಣೆಗೆ ದೂರ ಹೋಗುತ್ತಿರಲಿಲ್ಲ. ಮನೆಯಲ್ಲೇ ಹೆಂಡತಿ ಎಸ್ತೇರವ್ವ ಇದ್ದಳಲ್ಲ.

ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ತವರಿನವರ ಮೇಲೆ ಮುನಿಸಿಕೊಂಡು ಫೋನು ಎತ್ತದೆ ಇದ್ದದ್ದು, ನಾದಿನಿಯ ಮದುವೆಯಲ್ಲಿ ಸೀರೆಗಾಗಿ ಅತ್ತದ್ದು, ಎಲ್ಲವೂ ಸಭೆಗೆ ಗೊತ್ತು. "ನಮ್ಮಾಕಿ ಅಳಾಕತ್ತಿದ್ಲು ನೋಡ್ರಿ, ಆವಾಗ ಕರ್ತ ನನಗ ಹೇಳಿದ, ಕಂಠೆಪ್ಪಾ, ನೀ ಸುಮ್ನಿರು ಅಂತ" ಎಂದರೆ ಸಾಕು, ಸಭೆ ಗೊಳ್ಳೆನ್ನುತ್ತಿತ್ತು. ಹೆಂಗಸರ ಸಾಲಿನಲ್ಲಿ ಎಸ್ತೇರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿರುತ್ತಿದ್ದಳು. ನಾಚಿಕೊಂಡಿದ್ದಾಳೆ ಎಂದುಕೊಳ್ಳುತ್ತಿದ್ದ ಈ ಮಹಾನುಭಾವ. ಪ್ರತಿ ಉದಾಹರಣೆಯಲ್ಲೂ ತಪ್ಪು ಮಾಡುವವಳು ಅವಳು, ಕ್ಷಮಿಸುವವನು ತಾನು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಅವಳ ಮಾತು ಕಡಿಮೆಯಾದದ್ದು ಮಾತ್ರ ಅವನ ಗಮನಕ್ಕೆ ಬಂದಿತ್ತು. ಪ್ರಾರ್ಥನೆಯಿಂದ ಶಾಂತಳಾಗಿದ್ದಾಳೆ ಎಂದು ಅದನ್ನೂ ಒಂದು ಭಾನುವಾರ ಹೇಳಿ ಆಮೆನ್ ಅನ್ನಿಸಿಕೊಂಡಿದ್ದ.

ಹಡಗು ಬರುವುದು ತಡವಾಗಿ, ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಮೌಲಾಬಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ಬಸ್ಸಿಳಿದು ದಿನ್ನೆ ಹತ್ತಿ ಬಂದರು. ಗಂಡನನ್ನು ಕಂಡದ್ದೇ ತಡ, ಎಸ್ತೇರವ್ವ ಕೈಯಲ್ಲಿದ್ದ ಚೀಲವನ್ನು ಮೌಲಾಬಿಗೆ ದಾಟಿಸಿ, "ಸಂತಿಗೆ ಹೋಗಿದ್ವಿ" ಎಂದು ಬೀಗ ತೆಗೆದು ಒಳಗೆ ಹೋದಳು. ಚೀಲದ ಮೇಲೆ ದವಾಖಾನೆಯ ಹೆಸರು ದೊಡ್ಡದಾಗಿ ಬರೆದಿತ್ತು.

ಕಂಠೆಪ್ಪ ಮೌಲಾಬಿಯ ಬಾಗಿಲಿಗೆ ಹೋಗಿ ನಿಂತ.

"ನನ್ನ ಕೇಳಬ್ಯಾಡ್ರಿ ಅಣ್ಣಾ" ಎಂದಳು ಮೌಲಾಬಿ. ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. "ಎದಿಯಾಗ ಗಂಟು ಆಗೇತ್ರಿ ಆಕಿಗೆ. ಭಾಳ ದಿನಾತು. ಇವತ್ತ ಸೂಜಿ ಚುಚ್ಚಿ ತಪಾಸಕ್ಕ ತಗೊಂಡಾರ. ಮುಂದಿನ ವಾರ ಹೇಳ್ತಾರಂತ."

"ನನಗ ಯಾಕ ಹೇಳ್ಲಿಲ್ಲ?"

"ನಿಮಗ ಹೇಳಿದ್ರ ಭಾನುವಾರ ಎದ್ದು ನಿಂತು ಪ್ರಾರ್ಥನಾ ಮಾಡ್ರಿ ಅಂತೀರಂತ. ಗಂಡಸರೆಲ್ಲ ಕಣ್ಣ ಮುಚ್ಚಿ ನನ್ನ ಎದಿ ಸಲುವಾಗಿ ಬೇಡ್ಕೊಳ್ತಾರ, ಬ್ಯಾಡ ಮೌಲಾಬಿ, ಸತ್ರ ಸಾಯ್ತೀನಿ ಅಂದ್ಲು. ನಾ ನಿಮ್ಮ ಸಭಿಗೆ ಬರಂಗಿಲ್ಲಲ್ಲ, ಅದಕ್ಕ ನನ್ನ ಕರ್ಕೊಂಡು ಹೋದ್ಲು."

ಆ ಮಾತೇ ಸಾಕಿತ್ತು ಕಂಠೆಪ್ಪನಿಗೆ. ಆದರೆ ಅವನನ್ನು ಕೊಂದದ್ದು ಇನ್ನೊಂದು. ಗಂಟು ಎಂಬ ಮಾತು ಕಿವಿಗೆ ಬಿದ್ದ ಕ್ಷಣದಲ್ಲೇ, ಈ ವಾರವೇ ಸಭೆಗೆ ಹೇಳಬೇಕು ಎಂದು ಅವನ ಮನಸ್ಸು ಮಾತು ಜೋಡಿಸತೊಡಗಿತ್ತು. ಹೆಂಡತಿ ಅವನನ್ನು ಸರಿಯಾಗಿಯೇ ತಿಳಿದಿದ್ದಳು. ಅವನಿಗೆ ತನ್ನ ಬಾಯಿಯ ಮೇಲೆಯೇ ಹೇಸಿಗೆ ಬಂತು.

ಒಳಗೆ ಎಸ್ತೇರವ್ವ ರೊಟ್ಟಿ ಬಡಿಯುತ್ತಿದ್ದಳು. "ಮೌಲಾಬಿ ಹೇಳಿದ್ಲು" ಎಂದ. ಅವಳ ಕೈ ನಿಂತಿತು.

"ಇನ್ನೇನು, ಭಾನುವಾರ ಬಂತಲ್ಲ" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಭಾನುವಾರ ಪಾಸ್ಟರರು ಎಂದಿನಂತೆ ಅವನ ಹೆಸರು ಕರೆದರು. ಎದ್ದು ನಿಂತ. ಜನ ನಗಲು ತಯಾರಾಗಿ ಮುಖ ಮಾಡಿಕೊಂಡು ಕೂತಿದ್ದರು. ಹೆಂಗಸರ ಸಾಲಿನಲ್ಲಿ ಎಸ್ತೇರವ್ವ ತಲೆ ತಗ್ಗಿಸಿದಳು, ಏಟು ಬೀಳುವುದು ಗೊತ್ತಿದ್ದವರು ತಗ್ಗಿಸುವ ಹಾಗೆ. ಇಷ್ಟು ವರ್ಷ ನಾಚಿಕೆ ಎಂದುಕೊಂಡಿದ್ದು ಇದನ್ನೇ ಎಂದು ಅವನಿಗೆ ಆಗ ತಿಳಿಯಿತು.

ಆ ಹೊತ್ತಿಗೂ ಹಾಳು ನಾಲಿಗೆ ತುರಿಸುತ್ತಲೇ ಇತ್ತು. ಹೆಂಡತಿಯನ್ನು ಹೇಗೆ ನೋಯಿಸಿದೆ, ಕರ್ತ ನನ್ನ ಕಣ್ಣು ಹೇಗೆ ತೆರೆದ ಎಂದು ಶುರು ಮಾಡಿದರೆ ಸಭೆಗೆ ಹೇಳಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿರಲಿಲ್ಲ. ಹಾಗೆ ಹೇಳಿದ್ದರೆ ಸಭೆ ಅಳುತ್ತಿತ್ತು. ಹೊರಗೆ ಬಂದಾಗ ಕೈ ಕುಲುಕುತ್ತಿದ್ದರು. ಪಶ್ಚಾತ್ತಾಪದಲ್ಲೂ ಕಂಠೆಪ್ಪನೇ ದೊಡ್ಡವನಾಗುತ್ತಿದ್ದ, ಅವಳು ಮತ್ತೆ ಉದಾಹರಣೆಯಾಗುತ್ತಿದ್ದಳು.

"ಈ ವಾರ ನನ್ನ ಹತ್ರ ಏನೂ ಇಲ್ರಿ, ಪಾಸ್ಟರ್" ಎಂದು ಕೂತುಬಿಟ್ಟ.

ಜನ ಪಿಸುಗುಟ್ಟಿದರು. ಮನೆಯಲ್ಲಿ ಜಗಳವೇನೋ, ಕುಡಿಯಲು ಹತ್ತಿದನೇನೋ ಎಂದು ಕೂಟ ಮುಗಿದ ಮೇಲೆ ಒಬ್ಬಿಬ್ಬರು ಕೆದಕಿಯೂ ನೋಡಿದರು. ಇಲ್ಲ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ದಾರಿಯಲ್ಲಿ ಹೆಂಡತಿ ಶಭಾಷ್ ಅನ್ನುತ್ತಾಳೆಂದು ಒಳಗೊಳಗೇ ಆಸೆಯಿತ್ತು, ಮನುಷ್ಯನಲ್ಲವೇ. ಅವಳು ಸರಸರನೆ ಮುಂದೆ ನಡೆದಳು.

ದವಾಖಾನೆಯ ದಿನ ಬೆಳಿಗ್ಗೆ, "ನಾನೂ ಬರ್ಲೇನು?" ಎಂದು ಕೇಳಿದ. ಎಂದೂ ಹೆಂಡತಿಯನ್ನು ಹಾಗೆ ಕೇಳಿದವನಲ್ಲ.

"ಹೊರಗ ಕುಂದ್ರೂದಾದ್ರ ಬರ್ರಿ."

ಹೊರಗೆ ಕೂತ. ಒಳಗೆ ಅವಳ ಜೊತೆ ಮೌಲಾಬಿ ಹೋದಳು. ಬೆಂಚಿನ ಮೇಲೆ ಕೂತು ಪ್ರಾರ್ಥಿಸಲು ಹೋದರೆ ಚಂದ ಚಂದದ ಮಾತುಗಳೇ ಬರುತ್ತಿದ್ದವು, ನಾಚಿಕೆಯಾಗಿ ಬಿಟ್ಟುಬಿಟ್ಟ. ಅವಳನ್ನು ಉಳಿಸು ಎಂದಷ್ಟೇ ಬೇಡಿಕೊಂಡ.

ಬಾಗಿಲು ತೆರೆಯಿತು. ಎಸ್ತೇರವ್ವ ಅವನೆದುರು ಬಂದು ನಿಂತಳು.

"ಏನಂದ್ರು?"

ಅವಳು ಕೈ ಚಾಚಿದಳು. "ಸಭಿಯೊಳಗ ಹೇಳಂಗಿಲ್ಲ ಅಂತ ಭಾಷಿ ಕೊಡ್ರಿ."

ಅವನು ಅವಳ ಅಂಗೈ ಮೇಲೆ ಕೈಯಿಟ್ಟ. "ಹೇಳಂಗಿಲ್ಲ."

"ಪಾಸ್ಟರಿಗೂ?"

"ಪಾಸ್ಟರಿಗೂ ಇಲ್ಲ."

"ನನ್ನ ಹೆಸರು ಬಿಟ್ಟು, ಒಬ್ಬಾಕಿ ಅಕ್ಕ ಅಂತನೂ ಹೇಳಂಗಿಲ್ಲ."

"ಇಲ್ಲ."

ಅವನ ಮುಖವನ್ನು ಇನ್ನಷ್ಟು ಹೊತ್ತು ನೋಡಿ, "ಗಂಟು ಕೆಟ್ಟದ್ದಲ್ಲಂತ" ಎಂದಳು.

ಕಂಠೆಪ್ಪ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಬದುಕುತ್ತಾಳೆಂಬ ಸುದ್ದಿ ಡಾಕ್ಟರಿಗೆ, ಮೌಲಾಬಿಗೆ ತಿಳಿದ ಮೇಲೆ ಕೊನೆಗೆ ಗಂಡನಿಗೆ ಸಿಕ್ಕಿತ್ತು, ಅದೂ ಭಾಷೆ ಕೊಟ್ಟ ಮೇಲೆ.