ಶಹಾಬಾದ್ ಕಲ್ಲಿನಲ್ಲಿ ಸಿಗದ ಚಿಪ್ಪು

ಗೆಳೆಯರೇ, ನಮ್ಮ ವಿಜ್ಞಾನ ಪಾಡ್‌ಕಾಸ್ಟ್‌ಗೆ ಇವತ್ತು ಬಿದ್ದ ಪೆಟ್ಟನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳುವುದು ಬೇಡ.

ವಿಶ್ವವಿದ್ಯಾಲಯಕ್ಕೆ ರಜೆ. ಎಂದಿನಂತೆ ಶಹಾಬಾದಿನಲ್ಲಿ, ಸಹಪಾಠಿ ನಸ್ರೀನಳ ಮನೆಯ ಫರ್ಸಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ, ಹಾಸಿದ ನೆಲದ ಮೇಲೆ ಮೈಕ್ ಇಟ್ಟುಕೊಂಡು ಕುಳಿತಿದ್ದೆವು. ಈ ಸಲ ವಿಷಯವೂ ಅದೇ ಕಲ್ಲು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಒಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಕೋಟಿಗಟ್ಟಲೆ ಚಿಪ್ಪುಗಳು ತಳ ಸೇರಿ ಈ ಕಲ್ಲಾಯಿತು."

ಚಹಾ ತಂದ ನಸ್ರೀನಳ ಅಪ್ಪ ಅಲ್ಲೇ ನಿಂತರು. ನಲವತ್ತು ವರ್ಷ ಗಣಿಯಲ್ಲಿ ಕಲ್ಲು ಸೀಳಿದವರು.

"ಬೇಟಾ, ಪದರ ಪದರ ಬಿಚ್ಚೀನಿ. ಒಂದ್ ಚಿಪ್ಪೂ ಕಂಡಿಲ್ಲಲ್ಲ."

"ಎಲ್ಲಾ ಪುಡಿ ಆಗಿರ್ತಾವ್ರಿ ಚಾಚಾ. ಪುಸ್ತಕದಾಗ ಅದ."

"ಪುಸ್ತಕ ಬರ್ದವ್ರು ನಮ್ಮ ಖಣಿಗಿ ಬಂದಿದ್ರೇನು?"

ಅವರನ್ನು ಸುಮ್ಮನಾಗಿಸಲೆಂದೇ ಭೂವಿಜ್ಞಾನದ ಮೇಡಂಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಮೇಡಂ ನಕ್ಕರು. "ಅವ್ರು ಹೇಳೋದು ಖರೇ ಅದ. ಸಮುದ್ರ ಇತ್ತು, ಆದ್ರ ಚಿಪ್ಪಿನ ಪ್ರಾಣಿ ಇನ್ನಾ ಹುಟ್ಟೇ ಇದ್ದಿಲ್ಲ. ಸುಣ್ಣದ ಕೆಸರು ಕೆಳಗ ಕುಂತು ಆಗಿದ್ದ ಕಲ್ಲದು."

ಚಾಚಾ ಗೆದ್ದ ಮುಖವನ್ನೂ ಮಾಡಲಿಲ್ಲ. "ಚಹಾ ಆರಾಕತ್ತದ, ಕುಡೀರಿ" ಎಂದರು, ಅಷ್ಟೇ.

ಕಂತನ್ನು ಈಗಷ್ಟೇ ಹಾಕಿದ್ದೇವೆ. ನನ್ನ ತಪ್ಪು, ಚಾಚಾ ಕೇಳಿದ ಪ್ರಶ್ನೆ, ಮೇಡಂ ನಗು, ಒಂದನ್ನೂ ಕತ್ತರಿಸಿಲ್ಲ. ಇಷ್ಟು ಚೆಂದದ ಕಂತನ್ನು ನಾವು ಹಿಂದೆ ಮಾಡಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಎರಡು ವರ್ಷದಿಂದ ಊರಿಗೆಲ್ಲ ವಿಜ್ಞಾನ ಹೇಳುತ್ತ ಕುಳಿತದ್ದು ಅದೇ ಫರ್ಸಿಯ ಮೇಲೆ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.