ಹೊಗೆಯಿಲ್ಲದ ಕಾರ್ಖಾನೆಯ ವರ

2009ರ ಬೇಸಿಗೆ. ಲಗ್ಗೆರೆಯ ನಮ್ಮ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗ ಪಕ್ಕದ ಪೀಣ್ಯದ ಗ್ಯಾಸ್ ಕಂಪನಿಯಲ್ಲಿ ಸೂಪರ್‌ವೈಸರ್ ಎಂದಷ್ಟೇ ನಮಗೆ ಗೊತ್ತಿತ್ತು. ಉಪ್ಪಿಟ್ಟು, ಕೇಸರಿಬಾತ್ ಮುಗಿದ ಮೇಲೆ ನನ್ನ ಸೋದರತ್ತೆ, "ಇಬ್ರೂ ಮೇಲ್ಗಡೆ ಹೋಗಿ ಮಾತಾಡ್ಕೊಂಡ್ ಬರ್ಲಿ ಬಿಡಿ" ಎಂದರು.

ಇಬ್ಬರೂ ತಾರಸಿಗೆ ಹತ್ತಿದೆವು. ಅವರೇ ಮೊದಲು ಕೆಲಸದ ಸುದ್ದಿ ತೆಗೆದರು. "ನೀರಿಗೆ ಕರೆಂಟ್ ಹಾಯ್ಸಿ ಹೈಡ್ರೋಜನ್ ತೆಗೀತೀವಿ ಕಣ್ರೀ. ಹೊರಗೆ ಹೋಗೋದು ಬರೀ ಆಕ್ಸಿಜನ್. ಹೊಗೆ ಅನ್ನೋದೇ ಇಲ್ಲ." ಹೇಳುವಾಗ ಮುಖ ಅರಳಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಮನೆ ಹಿಂದಿನ ಶೆಡ್ಡಿನ ಜನರೇಟರ್ ಶುರುವಾಗಿ ಕಪ್ಪು ಹೊಗೆ ನೇರ ನಮ್ಮ ಮೇಲೆ ಬಂತು. ಕೆಳಗೆ ಉಬ್ಬಸದ ಅಪ್ಪ ಕೆಮ್ಮತೊಡಗಿದರು, ಅಮ್ಮ ದಡಬಡ ಕಿಟಕಿ ಮುಚ್ಚಿದರು. ಹುಡುಗ ಮೂಗು ಮುಚ್ಚಿಕೊಂಡು ಗೋಡೆಯಾಚೆ ಬಗ್ಗಿ ನೋಡಿದರು.

"ಇದು ನಮ್ದೇ ಕಂಪನಿ ಶೆಡ್ಡು" ಎಂದರು ಮೆಲ್ಲಗೆ. "ಗೇಟು ಆ ಕಡೆ ರೋಡಲ್ಲಿದೆ. ಈ ಕಡೆಯಿಂದ ಯಾವತ್ತೂ ನೋಡಿರ್ಲಿಲ್ಲ."

ಮೊದಲೇ ನನ್ನ ಬಾಯಿ ಜೋರು. "ಪೊಲ್ಯೂಷನ್ ಬೋರ್ಡ್‌ಗೆ ಅರ್ಜಿ ಬರ್ದಿದ್ದು ನಾನೇ. ಅವ್ರು ಬಂದು ಹೊಗೆ ಪೈಪು ಎತ್ತರ ಮಾಡಿ ಅಂದ್ರು, ಮಾಡಿದ್ರಿ. ಬೀದಿಗೆ ಹೋಗ್ತಿದ್ದ ಹೊಗೆ ಈಗ ನಮ್ಮನೇಗೆ ಬರ್ತಿದೆ. ಡೀಸೆಲ್ ಸುಟ್ಟು ಕರೆಂಟ್ ಮಾಡ್ಕೊಂಡು ಹೊಗೆ ಇಲ್ಲ ಅಂತೀರಲ್ಲ!" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ಕೆಳಗಿಳಿದರು.

ಅವರೆಲ್ಲ ಹೋದ ಮೇಲೆ ಅಮ್ಮ, "ಬಂದ ಸಂಬಂಧಾನೂ ಓಡಿಸ್ಬಿಟ್ಟೆ" ಎಂದು ಹಣೆ ಚಚ್ಚಿಕೊಂಡರು. ನನಗೂ ಒಳಗೊಳಗೇ ಬೇಜಾರು. ಹುಡುಗ ನನಗೆ ಹಿಡಿಸಿದ್ದರು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಅಮ್ಮ ಎಂದಿನಂತೆ ಕಿಟಕಿಗೆ ಓಡಿದರು. ಜನರೇಟರ್ ಸದ್ದೇ ಇಲ್ಲ. ಮರುದಿನವೂ ಇಲ್ಲ. ಆ ಭಾನುವಾರ ಹುಡುಗ ಒಬ್ಬರೇ ಬಂದು ಅಪ್ಪನೆದುರು ಕೂತರು.

"ಹಗಲು ಕರೆಂಟ್ ಹೋದ್ರೆ ಪ್ಲಾಂಟ್ ನಿಲ್ಸಿ, ಕರೆಂಟ್ ಹೋಗದ ರಾತ್ರಿ ಹೊತ್ತು ಓಡ್ಸೋಣ ಅಂತ ಓನರ್‌ನ ಒಪ್ಸಿದೀನಿ ಸಾರ್. ನೈಟ್ ಶಿಫ್ಟ್ ನಾನೇ ಮಾಡ್ತೀನಿ ಅಂದಿದೀನಿ. ರಾತ್ರಿ ಕೆಲಸದ ಗಂಡ ನಿಮ್ಮ ಮಗಳಿಗೆ ಒಪ್ಪಿಗೇನಾ ಕೇಳಿ."

ಅಪ್ಪ ನನ್ನತ್ತ ನೋಡಿದರು. ನಾನು ಒಪ್ಪಿ ತಲೆಯಾಡಿಸಿದೆ.

ಮದುವೆಯಾದ ಮೇಲೆ ಇಬ್ಬರೂ ಅಪ್ಪನ ಮನೆಯಲ್ಲೇ ಉಳಿದೆವು. ಎಷ್ಟೋ ವರ್ಷ, ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಆಡಿದಷ್ಟೇ ಮಾತು, ಒಂದು ಲೋಟ ಕಾಫಿ ಇಬ್ಬರಿಗೆ. ಈಗ ಆ ಶೆಡ್ ಇಲ್ಲ, ಅಪ್ಪನೂ ಇಲ್ಲ. ಇವರಿಗೆ ಹಗಲು ಕೆಲಸ, ಮಾತಿಗೆ ಬೇಕಾದಷ್ಟು ಹೊತ್ತು. ಆದರೂ ಅಪ್ಪ ಒಳಗೆ ನೆಮ್ಮದಿಯಾಗಿ ಉಸಿರಾಡುತ್ತಿದ್ದ, ನಾವಿಬ್ಬರೂ ಹೊಸ್ತಿಲಲ್ಲಿ ಅವಸರದಲ್ಲಿ ನಗುತ್ತಿದ್ದ ಆ ಬೆಳಗುಗಳು ಇನ್ನೊಮ್ಮೆ ಸಿಗಬಾರದೇ ಎನಿಸುತ್ತದೆ.