ಹಿಟ್ಟು ನಾದಿದ ಗಂಡ

ಆಸ್ಟ್ರೇಲಿಯಾದ ಡ್ಯಾಂಡಿನಾಂಗ್‌ನಲ್ಲಿ ಆಶ್ರಯ ಸಿಕ್ಕ ಮೇಲೆ ಮದುವೆಯಾದ್ದರಿಂದ ಮಾಸೂಮಾ ತನ್ನ ಗಂಡನನ್ನು ಆಶ್ರಯದ ಹಳೆಯ ಅರ್ಜಿಯಲ್ಲಿ ಸೇರಿಸುವಂತಿರಲಿಲ್ಲ. ಸಂಗಾತಿ ವೀಸಾಕ್ಕೆ ಬೇರೆಯೇ ಅರ್ಜಿ ಹಾಕಬೇಕಿತ್ತು. ಪಾಕಿಸ್ತಾನದ ಕ್ವೆಟ್ಟಾದಲ್ಲಿದ್ದ ಗಂಡ ನೌರೋಜ್‌ಗೆ, ಮದುವೆ ನಿಜವೇ ಎಂದು ತಿಳಿಯಲು ವೀಸಾ ಅಧಿಕಾರಿ ಏನು ಕೇಳುತ್ತಾರೆಂದು ನಮಗೆಲ್ಲ ಗೊತ್ತಿತ್ತು: ಮನೆಗೆಲಸ ಯಾರು ಮಾಡುತ್ತೀರಿ?

“ಎಲ್ಲಾ ಅವಳೇ ಮಾಡೋದು ಅನ್ನೋಕೆ ನೌರೋಜ್‌ಗೆ ಹೇಳು. ಇಲ್ದಿದ್ರೆ ಗಂಡ-ಹೆಂಡ್ತಿ ಅಂತ ಯಾರು ನಂಬ್ತಾರೆ?” ಎಂದು ಮಾಸೂಮಾಗೆ ಹೇಳಿದರು ಅವಳ ಚಿಕ್ಕಪ್ಪ.

ನೌರೋಜ್ ನಿಜವನ್ನೇ ಹೇಳಿದ. ಮದುವೆಗೆ ಅವಳು ಕ್ವೆಟ್ಟಾಕ್ಕೆ ಬಂದಿದ್ದಾಗ ರೊಟ್ಟಿಗೆ ಹಿಟ್ಟು ನಾದಿದ್ದು ತಾನು, ಸೋರುವ ನಲ್ಲಿ ಸರಿಮಾಡಿದ್ದು ಅವಳು. ಮಾಸೂಮಾಳನ್ನು ಪ್ರತ್ಯೇಕವಾಗಿ ಕೇಳಿದಾಗ ಅವಳೂ ಅದನ್ನೇ ಹೇಳಿದಳು. ವೀಸಾ ಬಂತು.

ಅವನು ಬಂದಿಳಿದ ದಿನ ಮನೆ ತುಂಬ ನೆಂಟರು.

“ಮಾಸೂಮಾ, ಚಹಾ ತಾರಮ್ಮ!” ಎಂದರು ಚಿಕ್ಕಪ್ಪ.

“ನಾನು ತರ್ತೀನಿ ಕಾಕಾ. ಸರ್ಕಾರಕ್ಕೇ ಹೇಳಿ ಬಂದಿದ್ದೀನಲ್ಲ!” ಎಂದು ನೌರೋಜ್ ಎದ್ದ.

ಮಾಸೂಮಾ ಚಿಕ್ಕಪ್ಪನ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು.